ಬಚ್ಚಲಿನ ಹಿಂದಿನ ತೆಂಗು

ಕಲ್ಲುಪ್ಪಿನ ಮೂಟೆಗಳನ್ನು ಆಟೋಕ್ಕೆ ಏರಿಸುತ್ತ ಅಂಗಡಿಯ ಕುಂಞ ಕೇಳಿದ, "ಎಂತ ಟೀಚರೇ, ಉಪ್ಪಿನಕಾಯಿಯಾ? ಈಗ ಮಾವಿನಮಿಡಿ ಎಲ್ಲಿ ಉಂಟು? ಇಷ್ಟು ಉಪ್ಪಿನಲ್ಲಿ ಇಡೀ ಬೋವಿಕಾನಕ್ಕೆ ಹಾಕಬಹುದು ಮಾರಾಯ್ರೆ."

"ಉಪ್ಪಿನಕಾಯಿಗಲ್ಲ. ಗುಂಡಿಗೆ."

ಅವನ ನಗು ನಿಂತಿತು. ಯಾವ ಗುಂಡಿ ಎಂದು ಕೇಳಬೇಕಾಗಿರಲಿಲ್ಲ. ಹಿಂದಿನ ದಿನ ಜೆಸಿಬಿ ಅವನ ಅಂಗಡಿಯ ಎದುರಿನಿಂದಲೇ ಗುಡ್ಡೆ ಹತ್ತಿತ್ತು.

"ಹಾಗಾದ್ರೆ ಮನೆ ಕಟ್ತೀರಾ?"

"ಹೌದು," ಎಂದೆ.

ಗಂಡ ಜಿತೇಂದ್ರ ತೀರಿಕೊಂಡ ಮೇಲೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೂ ಏನೂ ಅನ್ನಿಸಲಿಲ್ಲ. ಈಗ ನನಗೆ ಬೇಗ ಏನೂ ಅನ್ನಿಸುವುದಿಲ್ಲ. ಅನ್ನಿಸಲಿ ಎಂದು ಕಾಯುತ್ತ ಕುಳಿತರೆ ಕೆಲಸ ಆಗುವುದಿಲ್ಲ ಎಂದಷ್ಟೇ ಗೊತ್ತಾಗಿದೆ.

ಗುಡ್ಡೆಯ ಆ ಜಾಗವನ್ನು ಮದುವೆಯಾದ ವರ್ಷವೇ ತೆಗೆದುಕೊಂಡಿದ್ದೆವು. ನಾನು ಸಸ್ಯಶಾಸ್ತ್ರ ಕಲಿಸುವ ಶಾಲೆಗೆ ಅಲ್ಲಿಂದ ನಡೆದು ಹೋಗಬಹುದು. ಅಡೂರಿನ ತವರಿಗೂ ಹತ್ತಿರ. ಕೆಳಗೆಲ್ಲ ಗಟ್ಟಿ ಕೆಂಪು ಮುರಕಲ್ಲು, ಮೇಲೆ ಮುಳಿಹುಲ್ಲು, ಅಷ್ಟೇ. ಜಿತೇಂದ್ರ ಶಾರ್ಜಾಕ್ಕೆ ವಾಪಸು ಹೋದ. ಕೆಲಸ ಮುಗಿಸಿ ಕಂಪೆನಿಯ ಬಸ್ಸಿನಲ್ಲಿ ರೂಮಿಗೆ ಮರಳುವಾಗ ಫೋನ್ ಮಾಡುತ್ತಿದ್ದ. "ಇವತ್ತು ಎಂತ ನೆಟ್ಟೆ?" ಎಂದೇ ಮಾತು ಶುರು. ನೆಡುವುದು, ಕೀಳುವುದು ಎಲ್ಲ ಫೋನಿನ ಮಾತಿನಲ್ಲೇ.

ಗೇಟಿನ ಬಳಿ ಗೋಸಂಪಿಗೆ. ಅದಕ್ಕೆ ನೀರು ಹೆಚ್ಚು ಬೇಡ. ಅಡುಗೆಮನೆಯ ಕಿಟಕಿಯಿಂದ ಕಾಣುವಂತೆ ಜೀಗುಜ್ಜೆ ಮರ. ಮೆಟ್ಟಿಲ ಬದಿಗೆ ಕೇಪುಳ. ಅವನಿಗೆ ಗುಲಾಬಿ ಬೇಕು. ನಾನು ಕಿತ್ತು ಹಾಕುತ್ತಿದ್ದೆ, ಮರುದಿನ ಅವನು ಮತ್ತೆ ನೆಡುತ್ತಿದ್ದ. "ಎಂಎಸ್ಸಿ ಮಾಡಿದವಳಿಗೆ ಒಂದು ಗುಲಾಬಿ ಸಾಕ್ಲಿಕ್ಕೆ ಆಗುದಿಲ್ವಾ?" ಎಂದು ಕೆಣಕುತ್ತಿದ್ದ. ತೆಂಗಿನ ವಿಷಯದಲ್ಲಿ ಮಾತ್ರ ಜಗಳವಿರಲಿಲ್ಲ. ಬೇಲಿಯ ಉದ್ದಕ್ಕೆ ಕೆಲವು, ನಡುವೆ ಕೆಲವು, ಒಂದು ಬಚ್ಚಲಿನ ಹಿಂದೆ, ಸ್ನಾನದ ನೀರು ಹೋಗುವಲ್ಲಿ. ಮುರಕಲ್ಲಿನಲ್ಲಿ ತೆಂಗು ನೆಡುವುದಾದರೆ ಗುಂಡಿ ತೆಗೆದು, ಉಪ್ಪು ಹಾಕಿ, ತಿಂಗಳುಗಟ್ಟಲೆ ಬಿಡಬೇಕು, ಆಗ ಕಲ್ಲು ಮೆತ್ತಗಾಗುತ್ತದೆ ಎಂದು ಹೇಳಿಕೊಟ್ಟದ್ದು ಅವನೇ. ಉಪ್ಪಿಗೆ ಬೇರು ಸಾಯುತ್ತದೆ ಎಂದು ನಾನು ಪಾಠ ಮಾಡಿದೆ. "ಬೇರು ಬರುವಾಗ ಉಪ್ಪು ಮಳೆಗೆ ಹೋಗಿ ಆಗಿರ್ತದೆ ಟೀಚರೇ," ಎಂದ. ಕೃಷಿಭವನದವರೂ ಅದನ್ನೇ ಹೇಳಿದರು.

ಇಷ್ಟೆಲ್ಲ ನೆಟ್ಟರೂ ಮನೆ ಎಷ್ಟು ದೊಡ್ಡದು, ಬಾಗಿಲು ಯಾವ ಕಡೆಗೆ ಎಂದು ನಾವು ಮಾತಾಡಿರಲಿಲ್ಲ. "ಗಿಡ ಬಿಟ್ಟು ಉಳಿದಲ್ಲಿ ಮನೆ," ಎನ್ನುತ್ತಿದ್ದ.

ಒಂದು ಬೆಳಿಗ್ಗೆ, ಶಾರ್ಜಾದ ರೂಮಿನಲ್ಲಿ ಮಲಗಿದ್ದವನು ಏಳಲಿಲ್ಲ.

ನಾನು ಪುತ್ತಿಗೆಯಲ್ಲಿ ಅವನ ಮನೆಯಲ್ಲೇ ಉಳಿದೆ. ಅತ್ತೆ ರಾಜೀವಿ, ಜಿತೇಂದ್ರನ ಅಣ್ಣ ಹರಿನಾಥ ಭಾವ, ನಾನು. ಶಾಲೆಗೆ ಎರಡು ಬಸ್ಸು. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಆ ತೋಟ ಬರುತ್ತಿತ್ತು. ಗೋಸಂಪಿಗೆ ಬೆಳೆದಿರುತ್ತಿತ್ತು, ಕೇಪುಳ ಹೂ ಬಿಟ್ಟಿರುತ್ತಿತ್ತು. ಮನೆ ಮಾತ್ರ ಇರುತ್ತಿರಲಿಲ್ಲ.

ಆ ಜಾಗ ಈಗ ನನ್ನದು ಮತ್ತು ಅತ್ತೆಯದು. ಮಾರಬೇಕಾದರೆ ಇಬ್ಬರ ರುಜುವೂ ಬೇಕು.

"ನೋಡು ಶ್ರೀವಾಣಿ," ಎಂದರು ಭಾವ ಒಂದು ಬೆಳಿಗ್ಗೆ, ದೋಸೆ ಮುರಿಯುತ್ತ. "ಆ ಗುಡ್ಡೆಯಲ್ಲಿ ನೀನು ಒಬ್ಬಳೇ ಎಂತ ಮಾಡ್ತಿ? ರೆಜಿನಾಲ್ಡ್ ಪೊರ್ಬುಗಳು ಕೇಳ್ತಾ ಇದ್ದಾರೆ. ಹಣ ನಿನ್ನ ಹೆಸರಿನಲ್ಲೇ ಇಡುವ. ನಾಳೆ ನಿನಗೂ ಒಂದು ದಾರಿ ಆಗಬೇಡ್ವಾ?"

ಭಾವ ಕೆಟ್ಟವರಲ್ಲ. ಜಿತೇಂದ್ರನ ದೇಹ ಊರಿಗೆ ಬರುವವರೆಗೆ ನಿದ್ದೆ ಬಿಟ್ಟು ಓಡಾಡಿದವರು. ಅಂಥವರಿಗೆ ಇಲ್ಲ ಎನ್ನುವುದು ಕಷ್ಟ. ನಾನು ಕಾವಲಿಯ ಮೇಲಿನ ದೋಸೆ ಮಗುಚಿದೆ. ಅತ್ತೆ ಚಟ್ನಿ ಬಡಿಸಿದರು. ಮಗ ಹೇಳಿದಲ್ಲಿ ಅವರು ರುಜು ಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ.

ಪೊರ್ಬುಗಳು (ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು) ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ನೇರ ಜಾಗ ನೋಡಲು ಬರುವುದೆಂದು ನಿಶ್ಚಯವಾಯಿತು. ಅದೇ ವಾರ ನಾನು ಜೆಸಿಬಿಯವನನ್ನು ಕರೆಸಿದೆ.

"ಮನೆಯ ಪಾಯ ಎಲ್ಲಿ ಬರ್ತದೆ? ಅದನ್ನು ತಪ್ಪಿಸಿ ತೆಗೀಬೇಕಲ್ಲ," ಎಂದ ಅವನು.

"ಗಿಡ ಬಿಟ್ಟು ಉಳಿದಲ್ಲಿ."

ಅವನು ನನ್ನನ್ನೊಮ್ಮೆ ನೋಡಿ ಯಂತ್ರ ತಿರುಗಿಸಿದ. ಫೋನಿನಲ್ಲಿ ನೆಟ್ಟ ಹಾಗೆಯೇ ಒಂದೊಂದು ಜಾಗ ತೋರಿಸಿದೆ. ಬಚ್ಚಲಿನ ಹಿಂದಿನದನ್ನು ಮಾತ್ರ ತೋರಿಸಲು ಆಗಲಿಲ್ಲ. ಮನೆಯೇ ಇಲ್ಲದೆ ಅದರ ಹಿಂಬದಿ ಯಾವುದೆಂದು ಹೇಳಲಿ?

ಮರುದಿನ ಕುಂಞನ ಅಂಗಡಿಯ ಉಪ್ಪನ್ನು ಗುಂಡಿಗಳಿಗೆ ಸುರಿದೆ. ಮೂಟೆಯ ಹುರಿಗೆ ಬೆರಳು ಕೊಯ್ದಿತ್ತು. ಅಲ್ಲಿಗೆ ಉಪ್ಪು ತಾಗಿ ಉರಿಯಿತು. ಉರಿಯುತ್ತಿದೆ ಎಂದು ಸರಿಯಾಗಿ ಗೊತ್ತಾಯಿತು. ಕೈ ತೊಳೆಯದೆ ಉಳಿದ ಮೂಟೆಗಳನ್ನೂ ಬಿಚ್ಚಿದೆ.

ಆದಿತ್ಯವಾರ ಭಾವನ ಕಾರಿನಲ್ಲಿ ಹೋದೆವು. ಪೊರ್ಬುಗಳು ಆಗಲೇ ಬಂದು ಜೀಪಿಗೆ ಒರಗಿ ನಿಂತಿದ್ದರು. ಭಾವ ನಾಲ್ಕು ಹೆಜ್ಜೆ ಇಟ್ಟವರು ಅಲ್ಲೇ ನಿಂತರು.

"ಇದು ಎಂತ? ಯಾರು ಮಾಡಿದ್ದು?"

"ನಾನು."

"ಜಾಗದ ನಟ್ಟನಡು ಗುಂಡಿ! ಮತ್ತೆ ಮನೆ ಎಲ್ಲಿ, ಮರದ ಮೇಲಾ?"

ಪೊರ್ಬುಗಳು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಿದ್ದಿದ್ದ ಒಂದು ಹರಳನ್ನು ನಾಲಗೆಗೆ ಹಾಕಿಕೊಂಡರು. ಮುಖ ಅರಳಿತು. "ಉಪ್ಪು! ಒಳ್ಳೆದೇ ಆಯ್ತಲ್ಲ ಹರಿನಾಥರೇ. ನಾನೂ ತೆಂಗು ಹಾಕ್ಲಿಕ್ಕೇ ನೋಡಿದ್ದು. ಅರ್ಧ ಕೆಲಸ ಉಳೀತು. ಬೇಕಾದ್ರೆ ಗುಂಡಿಯ ಖರ್ಚು ಬೇರೆ ಕೊಡುವ."

ಭಾವ ಉಸಿರು ಬಿಟ್ಟರು. "ನೋಡು, ನೀನು ಮಾಡಿದ್ದೂ ದಂಡ ಆಗ್ಲಿಲ್ಲ."

ಮಾರುವ ಜಾಗಕ್ಕೆ ನಮ್ಮಲ್ಲಿ ಯಾರೂ ಉಪ್ಪು ಹಾಕುವುದಿಲ್ಲ. ಗುಂಡಿ ನೋಡಿದರೆ ಎಲ್ಲರಿಗೂ ಅರ್ಥವಾಗುತ್ತದೆ, ನಾನು ಬಾಯಿ ತೆರೆಯಬೇಕಾಗಿಲ್ಲ ಎಂದುಕೊಂಡಿದ್ದೆ. ಈಗ ನೋಡಿದರೆ ಜಾಗಕ್ಕೆ ಬೆಲೆ ಏರಿಸಿ ಕೊಟ್ಟಂತಾಗಿತ್ತು.

"ಮಾರುದಿಲ್ಲ ಪೊರ್ಬುಗಳೇ," ಎಂದೆ. "ನಿಮ್ಮನ್ನು ಸುಮ್ಮನೆ ಬರಿಸಿದ ಹಾಗಾಯ್ತು, ಬೇಜಾರು ಮಾಡಬೇಡಿ. ಬರುವ ಮಳೆಗಾಲಕ್ಕೆ ಇಲ್ಲಿ ನಾನು ಸಸಿ ನೆಡ್ತೇನೆ. ಮನೆಯೂ ಕಟ್ತೇನೆ. ಭಾವ, ನಾನು ರುಜು ಹಾಕುದಿಲ್ಲ."

ನನ್ನ ಸ್ವರ ಏರಲಿಲ್ಲ, ನಡುಗಲಿಲ್ಲ. ತರಗತಿಯಲ್ಲಿ ಹಾಜರಿ ಕರೆಯುವ ಸ್ವರವೇ.

ಭಾವ ಹಿಂದಕ್ಕೆ ತಿರುಗಿದರು. "ಅಮ್ಮಾ, ನೀನಾದ್ರೂ ಹೇಳು ಇವಳಿಗೆ."

ಅತ್ತೆ ನಮ್ಮ ಹತ್ತಿರ ಇರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಮುಳಿಹುಲ್ಲು ದಾಟುತ್ತ, ಗುಂಡಿಯಿಂದ ಗುಂಡಿಗೆ ಹೋಗಿ ಬಗ್ಗಿ ನೋಡುತ್ತಿದ್ದರು. ಕೊನೆಯದನ್ನು ನೋಡಿ ಅಲ್ಲಿಂದಲೇ ಕೂಗಿದರು.

"ಒಂದು ಕಡಿಮೆ ಉಂಟಲ್ಲ. ಬಚ್ಚಲಿನ ಹಿಂದಿನದ್ದು ಎಲ್ಲಿ?"

ನಾನು ಅವರ ಕಡೆ ತಿರುಗಿದೆ. "ಅದು ನಿಮಗೆ ಯಾರು ಹೇಳಿದ್ದು?"

"ಮತ್ತೆ ಯಾರು? ಅವ ನಿನಗೆ ಮಾತ್ರ ಫೋನ್ ಮಾಡ್ತಿದ್ದದ್ದಾ?" ಅತ್ತೆ ಹತ್ತಿರ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. "ಬಸಳೆ ಚಪ್ಪರಕ್ಕೆ ಎಲ್ಲಿ ಜಾಗ ಇಟ್ಟಿದ್ದಿ? ಗುಲಾಬಿ ಅಂತೆ ಗುಲಾಬಿ. ತಿನ್ಲಿಕ್ಕೆ ಆಗ್ತದಾ ಅದು ಅಂತ ಬೈದಿದ್ದೆ ಅವನಿಗೆ."

"ನಾನೂ ಬೈದಿದ್ದೆ."

"ಮತ್ತೆ?"

"ಅಮ್ಮಾ, ರುಜು..." ಎಂದರು ಭಾವ.

"ನನ್ನದೂ ಇಲ್ಲ ಹರಿ. ಇವಳಿಗೆ ಬೇಡದಿದ್ರೆ ಹಾಕ್ತಿದ್ದೆ. ನೀನು ಅವಳನ್ನು ಕೇಳಿದ್ದೇ ಇಲ್ಲ, ಹೇಳಿದ್ದು ಮಾತ್ರ." ಮತ್ತೆ ಸ್ವರ ತಗ್ಗಿಸಿದರು. "ಪೊರ್ಬುಗಳಿಗೆ ಪೇಟೆಯಲ್ಲಿ ಒಂದು ಬೊಂಡ ಕೆತ್ತಿಸಿ ಕುಡಿಸು. ಪಾಪ, ಬಿಸಿಲಿಗೆ ಬಂದಿದ್ದಾರೆ."

"ಬೊಂಡ ಇಲ್ಲಿಯ ತೆಂಗಿನದ್ದೇ ಆಗ್ಲಿ ರಾಜೀವಿ ಅಕ್ಕ," ಎಂದು ಪೊರ್ಬುಗಳು ಮಂಡಿ ಒತ್ತಿ ಎದ್ದರು. "ಐದಾರು ವರ್ಷ ಕಾಯ್ತೇನೆ. ನನಗೆಂತ ಅವಸರ?"

ಭಾವ ನಗಲಿಲ್ಲ. ಪೊರ್ಬುಗಳನ್ನು ಕಳಿಸಿ ಬಂದು, ಕಾರಿನ ಬಾಗಿಲು ತೆರೆದಿಟ್ಟು ಕುಳಿತರು. ಆದರೆ ಹೋಗುವ ಎನ್ನಲಿಲ್ಲ.

ಅತ್ತೆ ಜಾಗದ ಇಳಿಜಾರನ್ನೇ ನೋಡುತ್ತಿದ್ದರು. "ನೀರು ಆಚೆ ಇಳೀತದೆ. ಬಚ್ಚಲು ಇಲ್ಲಿ ಬರಬೇಕು," ಎಂದು ಚಪ್ಪಲಿಯ ತುದಿಯಿಂದ ಕಲ್ಲಿನ ಪುಡಿಯಲ್ಲಿ ಗೆರೆ ಎಳೆದರು. ಗಾಳಿಗೆ ಅಳಿಸೀತು ಎಂದು ನಾನು ಜೆಸಿಬಿ ಎತ್ತಿ ಹಾಕಿದ್ದ ಮುರಕಲ್ಲಿನ ತುಂಡುಗಳನ್ನು ತಂದು ಗೆರೆಯ ಮೇಲೆ ಇಟ್ಟೆ. ಬಚ್ಚಲಾದ ಮೇಲೆ ಅದರ ಪಕ್ಕಕ್ಕೆ ಅಡುಗೆಮನೆ ಬರಬೇಕಾಯಿತು. ಜೀಗುಜ್ಜೆಯನ್ನು ಸ್ವಲ್ಪ ಆಚೆ ಸರಿಸಬೇಕಾಯಿತು. ಬಸಳೆಗೂ ಜಾಗ ಸಿಕ್ಕಿತು. ಗುಲಾಬಿಯ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಒಂದು ಮೂಲೆಯನ್ನು ಖಾಲಿ ಬಿಟ್ಟೆವು.

ಸೋಮವಾರ ಶಾಲೆಯಿಂದಲೇ ಜೆಸಿಬಿಯವನಿಗೆ ಫೋನ್ ಮಾಡಿದೆ. ಇನ್ನೊಂದು ಗುಂಡಿ ಉಂಟು ಎಂದೆ.

"ಎಲ್ಲಿ?"

"ಬಚ್ಚಲಿನ ಹಿಂದೆ."

"ಯಾವ ಬಚ್ಚಲು ಟೀಚರೇ? ಅಲ್ಲಿ ಬರೀ ಗುಡ್ಡೆಯಲ್ವಾ!"

"ನೀವು ಬನ್ನಿ," ಎಂದೆ. "ತೋರಿಸ್ತೇನೆ."