ಸುಮಿತನ ಸ್ಪ್ರಿಂಗು

ಕರ್ಟನಿನ ಹಿಂದೆ ನಿಂತ ಸ್ವರ್ಣಲತಾ ಎರಡನೇ ಸಲವೂ ಅದೇ ಸ್ಪ್ರಿಂಗನ್ನು, ಅದೇ ಬಫರನ್ನು ರೈಫಲಿನ ಹಿಂಭಾಗಕ್ಕೆ ತುರುಕಿದಳು. ಬದಲಾಯಿಸಬೇಕಾಗಿತ್ತು, ಬದಲಾಯಿಸಲಿಲ್ಲ. ಆಚೆಗಿದ್ದವರಿಗೆ ಅನುಮಾನ ಬರಬಾರದಲ್ಲ, ಅದಕ್ಕೆ ಮೇಜಿನ ಮೇಲಿದ್ದ ಬೇರೆ ಬಿಡಿಭಾಗಗಳನ್ನು ಬೇಕೆಂದೇ ಖಣಖಣ ಸದ್ದು ಮಾಡಿ ಎತ್ತಿಟ್ಟಳು.

ಪರದೇಶದಲ್ಲಿದ್ದ ಒನ್-ನಾರ್ತ್‌ನ ಆ ಲ್ಯಾಬಿನಲ್ಲಿ ತಯಾರಾಗುತ್ತಿದ್ದದ್ದು ಗುಂಡು ಹಾರಿಸದ, ಬರೀ ತರಬೇತಿಗೆಂದೇ ಮಾಡಿದ ರೈಫಲು. ಆದರೆ ಭುಜಕ್ಕೆ ಬೀಳುವ ಒದೆತ ಮಾತ್ರ ಅಸಲಿ ಸೆಮಿ-ಆಟೊಮ್ಯಾಟಿಕ್‌ನಂತೆಯೇ ಇರಬೇಕು. ಟ್ರಿಗರ್ ಒತ್ತಿದರೆ ಗಾಳಿಯ ಒತ್ತಡಕ್ಕೆ ಒಳಗಿನ ಬೋಲ್ಟ್ ಹಿಂದೆ ಹಾರಿ ಬಫರ್ ಎಂಬ ಉಕ್ಕಿನ ತುಂಡಿಗೆ ಬಡಿಯುತ್ತದೆ. ಅದರ ಹಿಂದಿನ ಸ್ಪ್ರಿಂಗು ಕುಗ್ಗಿ ಮತ್ತೆ ಮುಂದಕ್ಕೆ ನೂಕುತ್ತದೆ. ಬಫರ್ ಭಾರವಿದ್ದರೆ ಒದೆತ ನಿಧಾನ, ಹಗುರವಿದ್ದರೆ ಚುರುಕು. ಯಾವ ಬಫರಿಗೆ ಯಾವ ಸ್ಪ್ರಿಂಗು ಜೋಡಿ ಅನ್ನುವುದೇ ಇಲ್ಲಿಯವರ ದಿನನಿತ್ಯದ ಜಗಳ. ಅದಕ್ಕೊಂದು ಪದ್ಧತಿಯಿತ್ತು. ಜೋಡಿಸುವವರು ಕರ್ಟನಿನ ಹಿಂದೆ ಇರಬೇಕು, ಪರೀಕ್ಷೆ ಮುಗಿಯುವವರೆಗೆ ತುಟಿ ಬಿಚ್ಚಬಾರದು. ಹೊಡೆಯುವವನಿಗೆ ಒಳಗೆ ಯಾವುದಿದೆ ಎಂದು ಗೊತ್ತಿರಬಾರದು.

ಎರಡು ವರ್ಷದ ಹಿಂದೆ ಇದೇ ಕರ್ಟನಿನ ಹಿಂದೆ ನಿಂತು ಸ್ವರ್ಣಲತಾ ತನ್ನ ಗಂಡ ಸುಮಿತ್ ಮಾಡಿದ ಜೋಡಿಯನ್ನು ತನ್ನ ಕೈಯಾರೆ ಹಾಕಿ ಕೊಟ್ಟಿದ್ದಳು. ಹೊಡೆದವನು ಹರ್ಷವರ್ಧನ್. ತನ್ನ ಭುಜಕ್ಕೆ ತಿಳಿಯದ ಒದೆತವೇ ಇಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗುವ ಬೆಂಗಳೂರಿನ ಆಸಾಮಿ. ಒಂದೇ ಸಲ ಹೊಡೆದು, "ಡೆಡ್ ಆಗಿದೆ ರೀ, ಹಾಸಿಗೆಗೆ ಗುದ್ದಿದಂಗೆ," ಎಂದು ನಕ್ಕಿದ್ದ. ಎಲ್ಲರೂ ನಕ್ಕರು. ಸುಮಿತನ ಪ್ರಾಜೆಕ್ಟ್ ಹೋಯಿತು, ಕೆಲಸ ಹೋಯಿತು, ಅದರ ಹಿಂದೆಯೇ ಆ ದೇಶದಲ್ಲಿ ಉಳಿದು ದುಡಿಯಲು ಬೇಕಾದ ಪಾಸೂ ಹೋಯಿತು. ಈಗ ಅವನು ಉಡುಪಿಯಲ್ಲಿ ಅಣ್ಣನ ಪಂಪ್‌ಸೆಟ್ ಅಂಗಡಿಯಲ್ಲಿ ಕೂರುತ್ತಾನೆ. ಮಗಳು ತೃಷಾಳ ಶಾಲೆಗಾಗಿ ಸ್ವರ್ಣಲತಾ ಇದೇ ಊರಿನ ಬುಕಿತ್ ಪಂಜಾಂಗ್‌ನ ಬಾಡಿಗೆ ಮನೆಯಲ್ಲೇ ಉಳಿದಳು. ಫೋನ್ ಮಾಡಿದರೆ ಅವನದು ಬರೀ "ಹ್ಞೂಂ", "ಆಯ್ತು", "ಇಡ್ತೇನೆ". ಒಂದು ಕಾಲಕ್ಕೆ ಊಟದ ತಟ್ಟೆಯ ಮುಂದೆಯೂ ಸ್ಪ್ರಿಂಗಿನ ಸುದ್ದಿಯನ್ನೇ ಎತ್ತುತ್ತಿದ್ದವನು!

ಅವನ ಸ್ಪ್ರಿಂಗು, ಬಫರು ಕಸದ ಬುಟ್ಟಿ ಸೇರುವ ಮೊದಲು ಅವಳು ಮನೆಗೆ ತಂದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದಳು. ಹರ್ಷವರ್ಧನನಿಗೆ ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಗುಡ್ ಮಾರ್ನಿಂಗ್ ಹೇಳಿದ್ದಳು. ಇರು ಮಗನೇ, ನಿನಗೂ ಒಂದು ದಿನ ಬರುತ್ತದೆ, ಎಂದುಕೊಂಡೇ ಹೇಳಿದ್ದಳು. ಇವತ್ತು ಬಂದಿತ್ತು. ಸಿಕ್ಕಿಬಿದ್ದರೆ ತನ್ನ ಪಾಸಿಗೂ ಸಂಚಕಾರ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಖರೀದಿಗೆ ಬಂದಿದ್ದವರು ಗೋ ಎಂಬವರು, ಶೂಟಿಂಗ್ ಕ್ಲಬ್ಬೊಂದರ ಹಳೆಯ ತರಬೇತುದಾರ. ಮೊದಲ ಸುತ್ತು ಹೊಡೆದ ಹರ್ಷವರ್ಧನ್, "ಓಕೆ, ಆದ್ರೆ ಸ್ವಲ್ಪ ಸ್ಲೋ," ಎಂದಿದ್ದ. ಎರಡನೆಯದಕ್ಕೆ ಮುಖ ಸಿಂಡರಿಸಿ, "ಅಯ್ಯೋ, ಇದು ಹಳೇ ಸುಮಿತ್ ಟೈಪ್. ಡೆಡ್," ಎಂದ. ಮೂರನೇ ಸಲ ಸ್ವರ್ಣಲತಾ ರೈಫಲನ್ನು ಬಿಚ್ಚಿ, ಏನನ್ನೂ ಬದಲಾಯಿಸದೆ ಮತ್ತೆ ಮುಚ್ಚಿ ಕೊಟ್ಟಳು.

"ವಾವ್! ಇದು ನೋಡಿ! ಕ್ರಿಸ್ಪ್! ದಿಸ್ ಈಸ್ ದ ಒನ್!" ಹರ್ಷವರ್ಧನ್ ಭುಜ ತಟ್ಟಿಕೊಂಡ.

ಗೋ ತಾವೂ ಒಮ್ಮೆ ಹೊಡೆದು ನೋಡಿ ತಲೆ ಕೆರೆದುಕೊಂಡರು. "ಟು ಮಿ, ಆಲ್ ಸೇಮ್ ಲಾ."

"ಅಂಕಲ್, ಇಟ್ ಟೇಕ್ಸ್ ಇಯರ್ಸ್ ಟು ಫೀಲ್ ಇಟ್," ಎಂದು ಅವನು ನಕ್ಕ.

ಸ್ವರ್ಣಲತಾ ಕರ್ಟನ್ ಸರಿಸಿ ಈಚೆ ಬಂದಳು. ರೈಫಲನ್ನು ಅವನ ಕೈಯಿಂದ ತೆಗೆದುಕೊಂಡು ಎಲ್ಲರ ಮುಂದೆ ಬಿಚ್ಚಿದಳು. ಸ್ಪ್ರಿಂಗನ್ನು ಮೇಜಿನ ಮೇಲಿಟ್ಟಳು. ಇಂಗ್ಲಿಷಿನಲ್ಲಿ ಗೋ ಅವರಿಗೆ ನೆಟ್ಟಗೆ ಹೇಳಿದಳು: ಮೂರು ಸಲವೂ ಒಂದೇ ಸ್ಪ್ರಿಂಗು, ಒಂದೇ ಬಫರು, ಇದು ನನ್ನ ಗಂಡ ಮಾಡಿದ್ದು. ಗೋ ಮೇಜು ಕುಟ್ಟಿ ನಗತೊಡಗಿದರು. "ಐ ಟೋಲ್ಡ್ ಯು ಆಲ್ ಸೇಮ್!" ಎಂದು ತಮ್ಮ ಎದೆಯನ್ನೇ ತೋರಿಸಿಕೊಂಡು ನಕ್ಕರು. ಇದನ್ನೇ ಕೊಡಿ ಎಂದು ಹೇಳಿ, ಇನ್ನೂ ನಗುತ್ತಲೇ ಲಿಫ್ಟಿನ ಕಡೆ ಹೊರಟರು.

ಹರ್ಷವರ್ಧನನ ಮುಖ ಹುಳ್ಳಗಾಗಿತ್ತು. ಅಬ್ಬಾ, ಆ ಮುಖ ನೋಡಲು ಎಷ್ಟು ಕಾದಿದ್ದಳು!

"ಟೆಸ್ಟಲ್ಲಿ ಚೀಟ್ ಮಾಡಿದ್ದೀಯ. ಸೋಮವಾರ ಮ್ಯಾನೇಜ್‌ಮೆಂಟ್ ಹತ್ರ ಮಾತಾಡ್ತೀನಿ," ಎಂದ.

"ಮಾತಾಡು. ಅವತ್ತು ನನ್ನ ಗಂಡನ್ನ ಯಾಕೆ ಮುಳುಗಿಸ್ದೆ, ಅದನ್ನೂ ಹೇಳು."

ಅವನು ಬ್ಯಾಗನ್ನು ಹೆಗಲಿಗೇರಿಸಿದ. "ಮುಳುಗಿಸೋದೇನು? ನಂಗೆ ಅವತ್ತೂ ಡಿಫರೆನ್ಸ್ ಗೊತ್ತಾಗಿರ್ಲಿಲ್ಲ. ಏನೋ ಒಂದು ಹೇಳ್ಬೇಕಿತ್ತು, ಹೇಳ್ದೆ. ಸುಮಿತ್ ಮೇಲೆ ನಂಗೇನು ದ್ವೇಷ ಇತ್ತು?"

ಬಾಗಿಲು ಮುಚ್ಚಿಕೊಂಡಿತು. ದ್ವೇಷವಾದರೂ ಇದ್ದಿದ್ದರೆ! ಎರಡು ವರ್ಷ ಅವಳು ಹಲ್ಲು ಕಡಿದದ್ದು, ಬಾಯಿಗೆ ಬಂದದ್ದನ್ನು ಆಡಿ ಮರೆತುಬಿಟ್ಟವನ ಮೇಲೆ. ಅಳು ಬಂತು. ಮತ್ತೆ ಸಿಟ್ಟೂ ಬಂತು. ಸುಮಿತನಿಗೆ ಫೋನ್ ಹಚ್ಚಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕೆಲಸ ಹೋದರೂ ಹೋಗಬಹುದು ಎಂದೂ ಹೇಳಿದಳು. ಈಗ "ಹ್ಞೂಂ" ಅನ್ನುತ್ತಾನೆ, ಇಡುತ್ತಾನೆ, ಎಂದುಕೊಂಡಳು.

"ನನ್ನ ಸ್ಪ್ರಿಂಗ್ ನಿನ್ನ ಹತ್ರ ಉಂಟಾ?" ಎಂದ ಅವನು.

"ಉಂಟು. ಡ್ರಾಯರ್‌ನಲ್ಲಿ ಇಟ್ಟಿದ್ದೆ. ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಹಚ್ಚಿ."

"ಯಾವ ಎಣ್ಣೆ?"

"ತೆಂಗಿನೆಣ್ಣೆ."

"ತೆಂಗಿನೆಣ್ಣೆಯಾ!" ಅವನ ದನಿ ಒಮ್ಮೆಲೇ ಏರಿತು. "ಎಂತ ಮಾರಾಯ್ತಿ ನೀನು, ಇಂಜಿನಿಯರ್ ಹೌದಾ ಅಲ್ವಾ? ಅದು ಅಂಟಂಟಾಗಿ ಕೂತಿರ್ತದೆ! ಒರೆಸದೆ ಹಾಗೇ ಹಾಕಿದ್ಯಾ? ಉದ್ದ ಅಳೆದ್ಯಾ? ಅಳೀಲಿಲ್ವಾ? ಅಯ್ಯೋ, ಅದರ ನಿಜವಾದ ಒದೆತ ನೀವ್ಯಾರೂ ನೋಡ್ಲೇ ಇಲ್ಲ! ಮೊದ್ಲು ಅದನ್ನ ತೊಳಿ. ಈಗ್ಲೇ. ನಾನು ಲೈನಲ್ಲೇ ಇರ್ತೇನೆ."

ಸ್ವರ್ಣಲತಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಸ್ಪ್ರಿಂಗನ್ನು ಸುರುಳಿ ಸುರುಳಿಯಾಗಿ ಒರೆಸಿ ಅಳತೆಗೆ ಕೂರಿಸಿದಳು. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ.

"ಎಷ್ಟು ಬಂತು?" ಅವನು ಕೇಳುತ್ತಿದ್ದ. "ಹೇಳು, ಎಷ್ಟು ಬಂತು?"

"ತಡಿ," ಎಂದು ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು, "ನೋಡ್ತಾ ಇದ್ದೇನೆ."