ಬರೆದುಕೊಳ್ಳದ ಮಾತು

ತಂಗಿ ಬಾಗಿಲೆಳೆದುಕೊಂಡು ಹೊರಗೆ ಹೋದಳು. ಊರಿನ ಸಿನಿಮಾ ಬಳಗದ ಕಟ್ಟಳೆಯೇ ಹಾಗೆ. ಊರಿನವರೇ ಮಾಡಿದ ಸಿನಿಮಾ ತೋರಿಸಿದ ಸಂಜೆ, ಚರ್ಚೆಯ ಹೊತ್ತಿಗೆ ಮಾಡಿದವರು ಎದ್ದು ಹೋಗಬೇಕು. ಒಳಗಿದ್ದವರು ದಾಕ್ಷಿಣ್ಯ ಬಿಟ್ಟು ಆಡಿದ್ದನ್ನೆಲ್ಲ ಒಬ್ಬರು ಹಾಳೆಯಲ್ಲಿ ಬರೆದು ಕೊಡುತ್ತಾರೆ, ಯಾರ ಹೆಸರೂ ಹಾಕದೆ. ಇವತ್ತು ತೋರಿಸಿದ್ದು ತಂಗಿಯ ಸಿನಿಮಾ, ಬರೆಯುವ ಸರದಿ ಅಕ್ಕನದು.

"ಮಧ್ಯೆ ಸ್ವಲ್ಪ ಎಳೀತು," ಎಂದರು ನಿವೃತ್ತ ಮೇಷ್ಟ್ರು.

ಅಕ್ಕ ದುಂಡಗೆ ಬರೆದಳು.

"ನಿಮ್ಮ ಪಾಠದಷ್ಟೇನೂ ಎಳೀಲಿಲ್ಲ ಬಿಡಿ ಮೇಷ್ಟ್ರೇ," ಎಂದ ಫೋಟೋಗ್ರಾಫರ್. "ಸೌಂಡ್ ಮಾತ್ರ ಕೆಟ್ಟದಾಗಿದೆ."

ಅದನ್ನೂ ಬರೆದಳು.

ಹಿಂದಿನ ಸಾಲಿನಿಂದ ನರ್ಸ್ ಮೆಲ್ಲಗೆ ಹೇಳಿದಳು. "ಆ ಕೊನೆ ಶಾಟು. ಅಂಗಡಿ ಬಾಗಿಲು ಹಾಕ್ಕೊಂಡು, ಹೊಲಿಗೆ ಮಷೀನಲ್ಲಿ ಬಟ್ಟೇನೇ ಇಲ್ದೆ ಸುಮ್ನೆ ತುಳೀತಾ ಕೂತಿರ್ತಾರಲ್ಲ ನಿಮ್ಮಪ್ಪ. ಇಡೀ ಸಿನಿಮಾದಲ್ಲಿ ನಂಗೆ ಅದೊಂದಿದ್ರೆ ಸಾಕು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಅಕ್ಕನ ಪೆನ್ನು ಕದಲಲಿಲ್ಲ. ಟೈಲರ್ ಅಪ್ಪನ ಮೇಲೆ ಸಿನಿಮಾ ಮಾಡಬೇಕೆಂದು ಅವಳು ಎಂಟು ವರ್ಷದಿಂದ ಬರೆಯುತ್ತಿದ್ದಳು. ಮೂರು ನೋಟ್‌ಬುಕ್ ತುಂಬಿದ್ದವು. ಅಪ್ಪನ ಕತ್ತರಿ, ಕೆಮ್ಮು, ಗಿರಾಕಿಗಳ ಜೊತೆ ಜಗಳ, ಎಲ್ಲ ಅವುಗಳಲ್ಲಿತ್ತು. ಅಪ್ಪ ಹೀಗೆ ಬರಿದೇ ತುಳಿಯುತ್ತಾರೆಂಬುದು ಮಾತ್ರ ಇರಲಿಲ್ಲ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಫೋನಲ್ಲೇ ಶೂಟ್ ಮಾಡುತ್ತ ಮೂರು ವಾರ ಅಪ್ಪನ ಹಿಂದೆ ಓಡಾಡಿದ ತಂಗಿ ಅದನ್ನು ನೋಡಿಬಿಟ್ಟಿದ್ದಳು.

"ಟೈಟಲ್ ಅಕ್ಷರ ಸಣ್ಣದಾಯ್ತು," ಎಂದ ಫೋಟೋಗ್ರಾಫರ್. ಅಕ್ಕ ತಕ್ಷಣ ಬರೆದುಕೊಂಡಳು.

ಚರ್ಚೆ ಮುಗಿಸಿ ಅಕ್ಕ ಹೊರಗೆ ಬಂದಾಗ ತಂಗಿ ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ಕೂತಿದ್ದಳು. ಹಾಳೆ ಕಸಿದುಕೊಂಡು ಓದಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಕೊನೆ ಶಾಟ್ ಬಗ್ಗೆ ಯಾರೂ ಏನೂ ಅನ್ಲಿಲ್ವಾ ಅಕ್ಕ?"

"ಅಂದಿದ್ದೆಲ್ಲ ಅದ್ರಲ್ಲೇ ಇದೆ."

"ನಂಗೂ ಅನುಮಾನ ಇತ್ತು. ಎರಡು ನಿಮಿಷ ಬರೀ ಮಷೀನ್ ತುಳಿಯೋದು ಯಾರಿಗ್ ಬೇಕು? ನಾಳೆ ಸ್ಪರ್ಧೆಗೆ ಕಳಿಸೋಕ್ ಮುಂಚೆ ತೆಗೆದುಬಿಡ್ತೀನಿ. ನೀನೇನಂತೀಯ? ಅಪ್ಪನ್ನ ನಿನಗಿಂತ ಚೆನ್ನಾಗಿ ಬಲ್ಲೋರು ಯಾರಿದಾರೆ?"

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು.

"ನಿನ್ನ ಸಿನಿಮಾ. ನಿನ್ನಿಷ್ಟ."

ತಂಗಿ ಹಾಳೆಯನ್ನು ನಾಲ್ಕಾಗಿ ಮಡಚಿ ಜೋಪಾನವಾಗಿ ಒಳಜೇಬಿಗೆ ಸೇರಿಸಿದಳು. ಸಭಾಂಗಣದ ಬಾಗಿಲ ಬಳಿ ನರ್ಸ್ ಚೀಲ ಹೆಗಲಿಗೇರಿಸಿಕೊಳ್ಳುತ್ತ, ಯಾರನ್ನೋ ಹುಡುಕುವಂತೆ ಅತ್ತಿತ್ತ ನೋಡುತ್ತಿದ್ದಳು. ಅಕ್ಕ ತಂಗಿಯ ತೋಳು ಹಿಡಿದು ಬೇಗ ಬೇಗ ಮೆಟ್ಟಿಲಿಳಿಸತೊಡಗಿದಳು.