ಮಂಡಿ ಅಳೆದ ಪಟ್ಟಿ

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅಂಚೆಯಲ್ಲಿ ಲಕೋಟೆ ಬಂತು. ಸೈನ್ಯದಲ್ಲಿ ಮಂಡಿ ಮುರಿದುಕೊಂಡಿದ್ದ ಅವನಿಗೆ ವೈದ್ಯರ ಸಮಿತಿ ಶೇಕಡಾ ಹತ್ತರಷ್ಟೇ ಅಂಗವೈಕಲ್ಯ ಎಂದಿತ್ತು, ಉಳಿದದ್ದು ನಾಟಕವಂತೆ. ಆ ಮಾತು ಅವನನ್ನು ಮಂಡಿಗಿಂತ ಹೆಚ್ಚು ನೋಯಿಸಿತ್ತು. ಪಕ್ಕದ ಬಡಗಿ ಮಾಮನಿಂದ ತೋಳು ಬಾಗಿಸಿ ಕೋನ ಅಳೆಯುವ ಪಟ್ಟಿ ತಂದು, ಮಂಡಿ ಎಷ್ಟು ಮಡಚುತ್ತದೆಂದು ದಿನವೂ ಬರೆದಿಟ್ಟು, ಮೇಲ್ಮನವಿಗೆ ಲಗತ್ತಿಸಿದ್ದ.

ಪತ್ರ ಓದಿದೆ. ಪಟ್ಟಿ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ಮಾಮಾ, ಶೇಕಡಾ ನಲವತ್ತು ಕೊಟ್ಟಿದ್ದಾರೆ! ನಮ್ಮೋರ ಅಳತೆ ಸರಿಯಾಗಿದೆಯಂತೆ!"

"ನಾಟಕ ಅಂದೋರ ಬಾಯಿಗೆ ಬೀಗ ಬಿತ್ತಲ್ಲ ಮಗಳೇ!" ಮಾಮ ಉಳಿ ಕೆಳಗಿಟ್ಟು ಕುಣಿದೇಬಿಟ್ಟರು. "ಕದ ಅಳೆಯೋ ಪಟ್ಟೀಲಿ ಕಾಲು ಅಳೀತಾನೆ ಅಂತ ಎಷ್ಟು ಆಡ್ಕೊಂಡಿದ್ದೆ ನಾನು!"

ನಾನೂ ನಕ್ಕುಬಿಟ್ಟೆ. ಪಟ್ಟಿಯ ತೋಳು ಇನ್ನೂ ಅವನ ಮಂಡಿ ಬಾಗಿದಷ್ಟೇ ಬಾಗಿತ್ತು. ಅದನ್ನು ನೆಟ್ಟಗೆ ಮಾಡಿ ಮಾಮನ ಕೈಗಿಟ್ಟೆ.